ಹೊಸ ಬಿಡಿಭಾಗಕ್ಕೆ ಹಳೆಯ ಶ್ರುತಿ ಒಗ್ಗುವುದೆ?

ಯಂತ್ರವನ್ನು ಕುರಿತು ನಮ್ಮ ಜನ ಆಡುವ ಮಾತುಗಳನ್ನು ಗಮನಿಸಿದರೆ, ಅವುಗಳಲ್ಲಿ ಹಲವು ವೈದ್ಯದಿಂದ ಬಂದವು, ಕೆಲವು ಸಂಗೀತದಿಂದ ಬಂದವು ಎಂಬುದು ತಿಳಿಯುತ್ತದೆ. ಎಂಜಿನ್ನು ಕೆಮ್ಮುತ್ತದೆ, ಏದುಸಿರು ಬಿಡುತ್ತದೆ, ಬಿಸಿಯೇರಿ ನಿಂತುಬಿಡುತ್ತದೆ. ‘ಟ್ಯೂನಿಂಗ್’ ಮಾಡಿಸಿದರೆ ಸರಿಹೋಗುತ್ತದೆ. ಈ ಕೊನೆಯ ಮಾತು ಇಂಗ್ಲಿಷಿನಿಂದ ಬಂದದ್ದಾದರೂ ಅದರ ಭಾವ ನಮಗೆ ಹೊಸದಲ್ಲ. ತಂಬೂರಿಯ ಬಿರಡೆಯನ್ನು ತಿರುಗಿಸಿ ತಂತಿಯನ್ನು ಶ್ರುತಿಗೆ ತರುವುದನ್ನು ನಾವೆಲ್ಲ ಕಂಡಿದ್ದೇವೆ. ತಂತಿ ಬದಲಾಯಿತೆಂದರೆ ಶ್ರುತಿಯನ್ನು ಮತ್ತೆ ನೋಡಲೇಬೇಕು. ತಂಬೂರಿಯ ಗವಸು ಬದಲಾದರೆ ಅದರ ಅಗತ್ಯವಿಲ್ಲ. ಇಷ್ಟನ್ನು ಬಲ್ಲವರಿಗೆ ನಾನು ಇಲ್ಲಿ ಹೇಳಹೊರಟಿರುವ ಸಂಗತಿಯ ಅರ್ಧ ತಿಳಿದಂತೆಯೇ. ಕಷ್ಟವಿರುವುದು ಉಳಿದ ಅರ್ಧದಲ್ಲಿ: ಮೋಟಾರಿನೊಳಗೆ ಯಾವುದು ತಂತಿ, ಯಾವುದು ಗವಸು?

ಕಾಲೇಜಿನಲ್ಲಿ ಕನ್ನಡ ಪಾಠ ಹೇಳುವವನಿಗೆ ಈ ವಿಚಾರವೇಕೆಂದು ವಾಚಕರು ಕೇಳಬಹುದು. ಸೊರಬ ತಾಲ್ಲೂಕಿನ ಜಡೆಯ ಸುತ್ತಿನಲ್ಲಿ ಬದುಕುವವರಿಗೆ ಈ ಪ್ರಶ್ನೆಯಿಂದ ತಪ್ಪಿಸಿಕೊಳ್ಳುವುದು ಈಗ ಸುಲಭವಲ್ಲ. ಜಡೆ ತನ್ನ ವೀರಶೈವ ಮಠದಿಂದ ಹೆಸರಾದ ಊರು. ಸಮೀಪದಲ್ಲಿ ಆನವಟ್ಟಿ, ಕುಬಟೂರು. ಆಚೆಗೆ ಬನವಾಸಿಯ ಸೀಮೆ. ಗದ್ದೆ, ಅಡಕೆ ತೋಟಗಳ ಈ ನಾಡಿನಲ್ಲಿ ಕಾರು ಈಗ ವಿಲಾಸದ ವಸ್ತುವಾಗಿ ಉಳಿದಿಲ್ಲ. ಅಡಕೆ ವ್ಯಾಪಾರಕ್ಕೆ ಶಿರಸಿಗೆ ಹೋಗಬೇಕು, ಕಚೇರಿ ಕೆಲಸಕ್ಕೆ ಸೊರಬಕ್ಕೋ ಶಿಕಾರಿಪುರಕ್ಕೋ ಹೋಗಬೇಕು, ಕಾಯಿಲೆ ಬಲಿತರೆ ನಡುರಾತ್ರಿಯಲ್ಲಿ ಶಿವಮೊಗ್ಗದ ದಾರಿ ಹಿಡಿಯಬೇಕು. ಅಂಥ ಕಾರನ್ನು ಎರಡನೆಯ ಕೈಯಿಂದ ಕೊಂಡ ತರುಣರು ಅದಕ್ಕೆ ಬೇರೆ ತಯಾರಕರ ಸೈಲೆನ್ಸರು, ಗಾಳಿಯ ಫಿಲ್ಟರು, ‘ಚಿಪ್ಪು’ಗಳನ್ನು ತರಿಸಿ ಹಾಕುತ್ತಾರೆ. ಮಾರುವವನು, “ಏನೂ ಬೇಡ, ಹಾಕಿ ಓಡಿಸಿ” ಎನ್ನುತ್ತಾನೆ. ಶ್ರುತಿ ಮಾಡುವವನು, “ಮರುಶ್ರುತಿಯಿಲ್ಲದೆ ಓಡಿಸಿದರೆ ಎಂಜಿನ್ನು ಹೋಯಿತೆಂದೇ ತಿಳಿಯಿರಿ” ಎನ್ನುತ್ತಾನೆ. ಇಬ್ಬರ ಮಾತಿನಲ್ಲಿಯೂ ಅವರವರ ವ್ಯಾಪಾರ ಅಡಗಿದೆ. ನಡುವೆ ನಿಂತವನ ಕೈಯಲ್ಲಿರುವುದು ಒಂದು ವರುಷದ ಅಡಕೆಯ ಹಣ. ಆದ್ದರಿಂದ ಈ ವಿಷಯವನ್ನು ಬಲ್ಲವರಿಂದ ಕೇಳಿ, ಓದಿ, ಮೆಕ್ಯಾನಿಕ್ಕುಗಳ ಪಕ್ಕದಲ್ಲಿ ನಿಂತು ನೋಡಿ ತಿಳಿದುಕೊಂಡದ್ದನ್ನು ಇಲ್ಲಿ ನಿರೂಪಿಸುತ್ತೇನೆ.

ಮೊದಲು ಮಾತಿನ ಗೊಂದಲವನ್ನು ಬಿಡಿಸಬೇಕು. ನಮ್ಮ ಗ್ಯಾರೇಜುಗಳ ಭಾಷೆಯಲ್ಲಿ ಬಿಡಿಭಾಗಗಳಿಗೆ ಎರಡೇ ಜಾತಿ: ‘ಕಂಪನಿ ಪಾರ್ಟು’ ಮತ್ತು ‘ಡೂಪ್ಲಿಕೇಟು’. ಕಾರಿನ ಕಂಪನಿಯ ಮುದ್ರೆಯಿಲ್ಲದ ಸಕಲವೂ ಈ ಎರಡನೆಯ ಹೆಸರಿನ ಕೆಳಗೆ ಬಂದುಬಿಡುತ್ತದೆ. ವಸ್ತುತಃ ಅಲ್ಲಿ ಮೂರು ಬಗೆಯ ಸರಕುಗಳಿವೆ. ಒಂದು, ಮೂಲ ಭಾಗದ ಅಳತೆ, ಗುಣಗಳಿಗೆ ಸರಿಯಾಗಿ ಬೇರೊಬ್ಬ ಪ್ರತಿಷ್ಠಿತ ತಯಾರಕನು ಮಾಡಿದ ಭಾಗ. ಬೆಂಗಳೂರಿನ ಜೆ.ಸಿ. ರಸ್ತೆಯ ಅಂಗಡಿಗಳಲ್ಲಿ ಇಂಥವು ಧಾರಾಳವಾಗಿ ದೊರೆಯುತ್ತವೆ. ಕಾರಿನ ಕಂಪನಿಗೆ ಆ ಭಾಗವನ್ನು ಒದಗಿಸುವವನೂ ಎಷ್ಟೋ ವೇಳೆ ಅದೇ ತಯಾರಕನಾಗಿರುತ್ತಾನೆ. ಎರಡನೆಯದು, ಇನ್ನೊಬ್ಬರ ಹೆಸರನ್ನು ಕದ್ದು ಮಾಡಿದ ನಕಲಿ. ಮೂರನೆಯದು, ಮೂಲದ್ದಕ್ಕಿಂತ ಬೇರೆಯಾಗಿರಲೆಂದೇ, ಹೆಚ್ಚು ಗಾಳಿ ಒಳಗೆ ಬರಲಿ, ಹೆಚ್ಚು ಎಣ್ಣೆ ಸುರಿಯಲಿ, ಹೆಚ್ಚು ವೇಗ ದೊರೆಯಲಿ ಎಂದು ಬೇಕೆಂದೇ ಮಾಡಿದ ಭಾಗ. ಮೊದಲನೆಯದಕ್ಕೆ ಸಾಮಾನ್ಯವಾಗಿ ಮರುಶ್ರುತಿ ಬೇಡ. ಎರಡನೆಯದಕ್ಕೆ ಯಾವ ಶ್ರುತಿಯೂ ಉಪಯೋಗವಿಲ್ಲ. ಅದನ್ನು ಕಿತ್ತು ಎಸೆಯುವುದೇ ಮದ್ದು. ನಮ್ಮ ಪ್ರಶ್ನೆ ನಿಜವಾಗಿ ಏಳುವುದು ಮೂರನೆಯದರಲ್ಲಿ ಮಾತ್ರ.

ಎಂಜಿನ್ನಿನ ಕೆಲಸವನ್ನು ಸ್ಥೂಲವಾಗಿ ಮೂರು ಮಾತುಗಳಲ್ಲಿ ಹೇಳಬಹುದು: ಗಾಳಿ, ಎಣ್ಣೆ, ಕಿಡಿ. 1 ಕಿಲೋಗ್ರಾಂ ಪೆಟ್ರೋಲು ಪೂರ್ತಿಯಾಗಿ ಉರಿಯಲು ಸುಮಾರು 14.7 ಕಿಲೋಗ್ರಾಂ ಗಾಳಿ ಬೇಕು. ಗಾಳಿ ಇದಕ್ಕಿಂತ ಹೆಚ್ಚಾದರೆ ಮಿಶ್ರಣ ತೆಳುವಾಯಿತೆನ್ನುತ್ತಾರೆ, ಕಡಮೆಯಾದರೆ ದಪ್ಪವಾಯಿತೆನ್ನುತ್ತಾರೆ. ದಪ್ಪವಾದರೆ ಎಣ್ಣೆ ವ್ಯರ್ಥ, ಕಪ್ಪು ಹೊಗೆ, ಪ್ಲಗ್ಗಿನ ಮೇಲೆ ಮಸಿ. ಏರಿನಲ್ಲಿ ಭಾರ ಎಳೆಯುವಾಗ ತೆಳುವಾದರೆ ಅದು ಹೆಚ್ಚಿನ ಅಪಾಯ: ಶಾಖ ಏರಿ, ಮಿಶ್ರಣ ತನಗೆ ತಾನೇ ಸಿಡಿದು, ಪಿಸ್ಟನ್ನಿನ ತಲೆ ತೂತಾದ ಸಂದರ್ಭಗಳುಂಟು. ಕಿಡಿ ಹಾರುವ ಹೊತ್ತೂ ಹೀಗೆಯೇ. ಬೇಗ ಹಾರಿದರೆ ಬಡಿತ, ತಡವಾದರೆ ಸೋಮಾರಿತನ. ಈ ಮೂರರ ಹೊಂದಾಣಿಕೆಗೇ ಶ್ರುತಿಯೆಂದು ಹೆಸರು. ಹೊಸ ಭಾಗ ಈ ಮೂರರಲ್ಲಿ ಒಂದರ ಅಳತೆಯನ್ನಾದರೂ ಬದಲಿಸುತ್ತದೆಯೆ, ಬದಲಿಸಿದರೆ ಎಷ್ಟು, ಆ ಬದಲಾವಣೆಯನ್ನು ಎಂಜಿನ್ನು ತಾನಾಗಿ ಸರಿದೂಗಿಸಿಕೊಳ್ಳಬಲ್ಲುದೆ: ಇವೇ ಕೇಳಬೇಕಾದ ಪ್ರಶ್ನೆಗಳು.

ಅಂಬಾಸಡರ್, ಪ್ರೀಮಿಯರ್ ಪದ್ಮಿನಿಗಳ ಕಾಲದಲ್ಲಿ ಇದಕ್ಕೆ ಉತ್ತರ ಸರಳವಾಗಿತ್ತು. ಅಂದು ಗಾಳಿಗೆ ಎಣ್ಣೆಯನ್ನು ಬೆರೆಸುತ್ತಿದ್ದುದು ಕಾರ್ಬ್ಯುರೇಟರು. ಅದರ ಒಳಗಿನ ಜೆಟ್ಟೆಂಬ ಹಿತ್ತಾಳೆಯ ಸಣ್ಣ ರಂಧ್ರ ಎಷ್ಟು ದೊಡ್ಡದೋ ಅಷ್ಟು ಎಣ್ಣೆ. ಆ ರಂಧ್ರಕ್ಕೆ ಕಣ್ಣಿಲ್ಲ, ಕಿವಿಯಿಲ್ಲ; ಮುಂದೆ ಫಿಲ್ಟರು ಬದಲಾದರೂ ಹಿಂದೆ ಸೈಲೆನ್ಸರು ಬದಲಾದರೂ ಅದಕ್ಕೆ ತಿಳಿಯದು. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1961ರಿಂದ 1996ರ ವರೆಗೆ ತಯಾರಿಸಿದ ಎರಡು ಹೊಡೆತದ ಮೋಟಾರು ಸೈಕಲ್ಲುಗಳನ್ನು ಬಲ್ಲ ಹಿರಿಯ ಮೆಕ್ಯಾನಿಕ್ಕುಗಳು ಇದನ್ನು ಚೆನ್ನಾಗಿ ಅರಿತಿದ್ದರು. ಅಂಥ ಎಂಜಿನ್ನಿನಲ್ಲಿ ಹೊಗೆಯ ಕೊಳವೆ ಸದ್ದಡಗಿಸುವ ಸಾಧನ ಮಾತ್ರವಲ್ಲ. ಅದರೊಳಗಿನ ಒತ್ತಡದ ಅಲೆಗಳು ತಾಜಾ ಮಿಶ್ರಣ ಹೊರಗೆ ಓಡಿಹೋಗುವುದನ್ನು ತಡೆದು ಹಿಂದಕ್ಕೆ ತಳ್ಳುತ್ತವೆ. ಆದ್ದರಿಂದ ಸೈಲೆನ್ಸರಿನ ಒಳರಚನೆಯನ್ನು ಬದಲಿಸಿದವನು ಜೆಟ್ಟನ್ನೂ ನೋಡಬೇಕಾಗಿತ್ತು. ಕಾರ್ಬ್ಯುರೇಟರಿನ ಎಂಜಿನ್ನಿಗೆ ಸಂಬಂಧಿಸಿದಂತೆ ಈ ನಿಯಮ ಇಂದಿಗೂ ಸತ್ಯ: ಗಾಳಿಯ ದಾರಿಯಲ್ಲಿ ಏನನ್ನು ಬದಲಿಸಿದರೂ ಶ್ರುತಿಯನ್ನು ಮತ್ತೆ ಪರೀಕ್ಷಿಸುವುದೇ ಕ್ಷೇಮ.

ಇಪ್ಪತ್ತನೆಯ ಶತಮಾನದ ಕೊನೆಯ ಹೊತ್ತಿಗೆ ಹೊಗೆಯ ನಿಯಮಗಳು ಬಿಗಿಯಾಗುತ್ತ ಬಂದಂತೆ ಕಾರ್ಬ್ಯುರೇಟರು ಹಿಂದೆ ಸರಿದು, ಗಣಕಯಂತ್ರದ ಅಂಕೆಯಲ್ಲಿ ಎಣ್ಣೆ ಚಿಮ್ಮಿಸುವ ಇಂಜೆಕ್ಟರುಗಳು ಬಂದವು. ಇಲ್ಲಿ ಯಂತ್ರಕ್ಕೆ ಇಂದ್ರಿಯಗಳು ಮೂಡಿದವು. ಒಳಬರುವ ಗಾಳಿಯನ್ನು ಅಳೆಯುವುದಕ್ಕೆ ಒಂದು ಸೆನ್ಸರು. ಹೊರಹೋಗುವ ಹೊಗೆಯಲ್ಲಿ ಆಮ್ಲಜನಕ ಉಳಿದಿದೆಯೆ ಎಂದು ಮೂಸಿ ನೋಡುವುದಕ್ಕೆ ಇನ್ನೊಂದು. ಹೊಗೆಯಲ್ಲಿ ಆಮ್ಲಜನಕ ಮಿಕ್ಕಿದ್ದರೆ ಮಿಶ್ರಣ ತೆಳುವೆಂದು ತಿಳಿದು ಗಣಕ ಎಣ್ಣೆಯನ್ನು ಕೊಂಚ ಏರಿಸುತ್ತದೆ, ಇಲ್ಲದಿದ್ದರೆ ಇಳಿಸುತ್ತದೆ. ಹೀಗೆ ಏರಿಸಿದ ಇಳಿಸಿದ ಪ್ರಮಾಣವನ್ನು ಶೇಕಡಾ ಲೆಕ್ಕದಲ್ಲಿ ನೆನಪಿಟ್ಟುಕೊಳ್ಳುತ್ತದೆ. ಇದಕ್ಕೆ ‘ಫ್ಯೂಯೆಲ್ ಟ್ರಿಮ್’ ಎನ್ನುತ್ತಾರೆ. ಹೊನ್ನಾವರದ ಕಡಲ ತೀರದಿಂದ ಹೊರಟ ಕಾರು ಚಿಕ್ಕಮಗಳೂರನ್ನು ಮುಟ್ಟುವಾಗ ಸುಮಾರು ಸಾವಿರ ಮೀಟರು ಏರಿರುತ್ತದೆ; ಅಷ್ಟರಲ್ಲಿ ಗಾಳಿಯ ಸಾಂದ್ರತೆ ಹೆಚ್ಚುಕಡಮೆ ಹತ್ತರಲ್ಲಿ ಒಂದು ಪಾಲು ಇಳಿದಿರುತ್ತದೆ. ಇಷ್ಟೊಂದು ವ್ಯತ್ಯಾಸವನ್ನು ಯಾರ ಕೈಯೂ ತಾಗದೆ ಅಳೆದು ಸರಿಪಡಿಸಿಕೊಳ್ಳುವ ಯಂತ್ರಕ್ಕೆ, ಗಾಳಿಯ ಡಬ್ಬಿಯೊಳಗೆ ಸೇರುವ ಬೇರೆ ತಯಾರಕರ ಫಿಲ್ಟರಿನಿಂದಾಗುವ ಅಲ್ಪ ವ್ಯತ್ಯಾಸ ಯಾವ ಲೆಕ್ಕ? ಮಾರುವವನ ಮಾತಿನಲ್ಲಿರುವ ಸತ್ಯಾಂಶ ಇದು.

ಆದರೆ ಈ ಮೂಗಿಗೆ ಮಿತಿಯುಂಟು. ಸಾಮಾನ್ಯ ಕಾರುಗಳ ಆಮ್ಲಜನಕ ಸೆನ್ಸರು ಮಿಶ್ರಣ ದಪ್ಪವೋ ತೆಳುವೋ ಎಂಬುದನ್ನು ಹೇಳಬಲ್ಲುದೇ ಹೊರತು ಎಷ್ಟು ದಪ್ಪ, ಎಷ್ಟು ತೆಳು ಎಂಬುದನ್ನು ಸರಿಯಾಗಿ ಹೇಳಲಾರದು. ಪೆಡಲನ್ನು ಪೂರ್ತಿ ಒತ್ತಿ ಏರು ಹತ್ತಿಸುವಾಗ ಎಂಜಿನ್ನಿಗೆ ಬೇಕಾದುದು 14.7ರ ಮಿಶ್ರಣವಲ್ಲ, 12.5ರಿಂದ 13ರ ಸುಮಾರಿನ ದಪ್ಪ ಮಿಶ್ರಣ. ಇಂಥ ಸೆನ್ಸರಿರುವ ಕಾರಿನ ಗಣಕ ಆಗ ಅದರ ಮಾತನ್ನು ಬದಿಗಿಟ್ಟು, ಕಾರ್ಖಾನೆಯಲ್ಲಿ ಬರೆದಿಟ್ಟ ಕೋಷ್ಟಕವನ್ನೇ ನಂಬಿ ನಡೆಯುತ್ತದೆ. ಹೊಸ ಭಾಗ ಆ ಕೋಷ್ಟಕವನ್ನು ಸುಳ್ಳಾಗಿಸಿದ್ದರೆ ಊರೊಳಗಿನ ನಿಧಾನದ ಓಟದಲ್ಲಿ ಏನೂ ತೋರದು. ಅಪಾಯ ಬರುವುದು ತುಂಬಿದ ಕಾರು ಘಟ್ಟ ಏರುವಾಗ. ಶ್ರುತಿ ಮಾಡುವವನ ಮಾತಿನಲ್ಲಿರುವ ಸತ್ಯಾಂಶ ಇದು. ಇಬ್ಬರೂ ಅರ್ಧ ಸತ್ಯವನ್ನೇ ಹೇಳುತ್ತಿದ್ದಾರೆ. ಅವರ ಜಗಳ ತೀರದಿರುವುದಕ್ಕೆ ಅದೇ ಕಾರಣ.

ಹಾಗಾದರೆ ಭಾಗಗಳನ್ನು ವಿಂಗಡಿಸುವುದು ಹೇಗೆ? ನನ್ನ ವೃತ್ತಿಯಿಂದ ಒಂದು ಉಪಾಯವನ್ನು ಎರವಲು ತರುತ್ತೇನೆ. ಹದಿಮೂರನೆಯ ಶತಮಾನದ ಕೇಶಿರಾಜನ ಕಾಲದಿಂದಲೂ ನಮ್ಮ ವ್ಯಾಕರಣ, ಎರಡು ಪದಗಳು ಕೂಡುವಾಗ ಏನಾಗುತ್ತದೆಂಬುದನ್ನು ನಿಷ್ಕರ್ಷೆಯಿಂದ ಹೇಳಿದೆ. ಊರು, ಅಲ್ಲಿ ಕೂಡಿದರೆ ‘ಊರಲ್ಲಿ’ ಎಂದು ಒಂದು ಸ್ವರ ಲೋಪವಾಗುತ್ತದೆ. ಮನೆ, ಅಲ್ಲಿ ಕೂಡಿದರೆ ‘ಮನೆಯಲ್ಲಿ’ ಎಂದು ಹೊಸದೊಂದು ಅಕ್ಷರ ಆಗಮವಾಗುತ್ತದೆ. ಮಳೆ, ಕಾಲ ಕೂಡಿದರೆ ‘ಮಳೆಗಾಲ’ ಎಂದು ಒಂದರ ಸ್ಥಾನದಲ್ಲಿ ಇನ್ನೊಂದು ಆದೇಶವಾಗಿ ಬರುತ್ತದೆ. ಮತ್ತೆ ಕೆಲವೆಡೆ ಪದಗಳು ಪಕ್ಕಪಕ್ಕದಲ್ಲಿ ಕುಳಿತರೂ ಯಾವ ವಿಕಾರವೂ ಇಲ್ಲದೆ ಇದ್ದಂತೆಯೇ ಇರುತ್ತವೆ, ಅದು ಪ್ರಕೃತಿಭಾವ. ಎಂಜಿನ್ನಿಗೆ ಸೇರುವ ಭಾಗಗಳನ್ನೂ ಹೀಗೆಯೇ ನಾಲ್ಕಾಗಿ ಎಣಿಸಬಹುದು.

ಪ್ರಕೃತಿಭಾವದವು: ಮೂಲದ ಅಳತೆಯದೇ ಆದ ಗಾಳಿ ಫಿಲ್ಟರು, ಎಣ್ಣೆ ಫಿಲ್ಟರು, ಬೆಲ್ಟು, ರೇಡಿಯೇಟರು, ನೀರಿನ ಪಂಪು, ಸರಿಯಾದ ಶಾಖಮಾನದ ಪ್ಲಗ್ಗು. ಹೊಗೆ ಶುದ್ಧಿ ಮಾಡುವ ಕ್ಯಾಟಲಿಸ್ಟಿನ ಹಿಂದಿನ ಕೊಳವೆ ಮತ್ತು ಸೈಲೆನ್ಸರು ಕೂಡ, ಟರ್ಬೊ ಇಲ್ಲದ ಪೆಟ್ರೋಲು ಎಂಜಿನ್ನಿನಲ್ಲಿ, ಬಹುಮಟ್ಟಿಗೆ ಈ ಗುಂಪಿನವೇ. ಇವಕ್ಕೆ ಮರುಶ್ರುತಿ ಬೇಡ. ಇವುಗಳಿಂದ ಶಕ್ತಿ ಗಮನಾರ್ಹವಾಗಿ ಏರುವುದೂ ಇಲ್ಲ ಎಂಬುದನ್ನು ಅದೇ ಉಸಿರಿನಲ್ಲಿ ಹೇಳಬೇಕು.

ಆದೇಶದವು: ದೊಡ್ಡ ಇಂಜೆಕ್ಟರು, ಬೇರೆ ಉಬ್ಬಿನ ಕ್ಯಾಮ್‌ಷಾಫ್ಟು, ತೆಳು ಹೆಡ್ ಗ್ಯಾಸ್ಕೆಟ್ಟು, ಅಗಲಿಸಿದ ಗಾಳಿ ಕೊಳವೆ. ಇಂಜೆಕ್ಟರು ಐದರಲ್ಲೊಂದು ಪಾಲು ದೊಡ್ಡದಾದರೆ ಅದೇ ಹೊತ್ತಿನಲ್ಲಿ ಅಷ್ಟೇ ಹೆಚ್ಚು ಎಣ್ಣೆ ಸುರಿಯುತ್ತದೆ. ಗಣಕಕ್ಕೆ ಆ ಸುದ್ದಿಯಿಲ್ಲ. ಗ್ಯಾಸ್ಕೆಟ್ಟು ತೆಳುವಾದರೆ ಒತ್ತಡ ಏರಿ ಕಿಡಿಯ ಹೊತ್ತು ತಪ್ಪಾಗುತ್ತದೆ. ಗಾಳಿ ಅಳೆಯುವ ಸೆನ್ಸರು ಕುಳಿತ ಕೊಳವೆಯನ್ನು 60 ಮಿಲಿಮೀಟರಿನಿಂದ 66ಕ್ಕೆ ಅಗಲಿಸಿದರೆಂದು ಭಾವಿಸೋಣ. ನೋಡುವುದಕ್ಕೆ ಆರೇ ಮಿಲಿಮೀಟರು. ಆದರೆ ಕೊಳವೆಯ ಬಾಯಿ ಶೇಕಡಾ 21ರಷ್ಟು ದೊಡ್ಡದಾಯಿತು. ಅಷ್ಟೇ ಗಾಳಿ ಈಗ ನಿಧಾನವಾಗಿ ಹರಿಯುತ್ತದೆ. ಸೆನ್ಸರು ಅದನ್ನು ಶೇಕಡಾ 17ರಷ್ಟು ಕಡಮೆ ಎಂದು ಎಣಿಸಿ ಎಣ್ಣೆಯನ್ನೂ ಅಷ್ಟು ಕಡಮೆ ಮಾಡಿಸುತ್ತದೆ. ಇವೆಲ್ಲಕ್ಕೂ ಮರುಶ್ರುತಿ ಅನಿವಾರ್ಯ. ಆಗಮದವು, ಎಂದರೆ ಮೊದಲು ಇಲ್ಲದ ಟರ್ಬೊ, ಸೂಪರ್‌ಚಾರ್ಜರುಗಳು, ಮರುಶ್ರುತಿ ಮುಗಿಯುವ ಮುನ್ನ ರಸ್ತೆಗೇ ಇಳಿಯಬಾರದು.

ಲೋಪದ ಮಾತು ಬೇರೆ. ಕ್ಯಾಟಲಿಸ್ಟನ್ನು ಕಿತ್ತುಹಾಕಿ ಬರಿಯ ಕೊಳವೆ ಜೋಡಿಸುವವರಿದ್ದಾರೆ. ಕ್ಯಾಟಲಿಸ್ಟಿನ ಹಿಂದೆ ಕುಳಿತ ಸೆನ್ಸರು ಇದನ್ನು ಕಂಡು ದೀಪ ಹೊತ್ತಿಸುತ್ತದೆ. ಆಗ ಮಾಡುವ ‘ಟ್ಯೂನಿಂಗ್’ ಎಂಜಿನ್ನನ್ನು ಶ್ರುತಿಗೆ ತರುವ ಕೆಲಸವಲ್ಲ. ದೀಪಕ್ಕೆ ಸುಳ್ಳು ಹೇಳಿಸುವ ಕೆಲಸ. ಎರಡಕ್ಕೂ ಒಂದೇ ಹೆಸರಿರುವುದು ಭಾಷೆಗೆ ಆದ ಅನ್ಯಾಯವೆಂದೇ ನನಗೆ ತೋರುತ್ತದೆ.

ಇನ್ನು ಜಡೆಯ ಸಮೀಪದ ಒಬ್ಬ ಹಳೆಯ ವಿದ್ಯಾರ್ಥಿಯ ಕಾರಿನ ಸಂಗತಿ. ಅಡಕೆ ಮಾರಿದ ಹಣದಲ್ಲಿ ಎರಡನೆಯ ಕೈಯ ಪೆಟ್ರೋಲು ಕಾರೊಂದನ್ನು ಅವನು ಕೊಂಡಿದ್ದ. ವಾರಕ್ಕೆ ಎರಡು ಬಾರಿ ತಂದೆಯನ್ನು ಶಿವಮೊಗ್ಗದ ಆಸ್ಪತ್ರೆಗೆ ಕರೆದೊಯ್ಯಬೇಕಾಗಿದ್ದ ಮನೆ ಅದು. ಹಿಂದಿನ ಮಾಲೀಕ ಎಂಜಿನ್ನಿಗೆ ತಗುಲಿದ ಹೊಗೆ ಕೊಳವೆಯಿಂದ ಹಿಡಿದು ಸೈಲೆನ್ಸರಿನ ತನಕ ಎಲ್ಲವನ್ನೂ ಬದಲಿಸಿದ್ದ. ಕಾರು ಎಣ್ಣೆ ಕುಡಿಯತೊಡಗಿತು. ಲೀಟರಿಗೆ ಹದಿನೈದು ಕಿಲೋಮೀಟರು ಹೋಗಬೇಕಾದದ್ದು ಹನ್ನೊಂದಕ್ಕೆ ಇಳಿಯಿತು. ಎಂಜಿನ್ನಿನ ದೀಪ ಹತ್ತಿತು. ದೂರದಿಂದಲೇ ವಿಚಾರಿಸಿದಾಗ ಬೆಂಗಳೂರಿನ ಒಬ್ಬರು ಮರುಶ್ರುತಿಗೆ ಮೂವತ್ತು ಸಾವಿರ ರೂಪಾಯಿ ಹೇಳಿದರು. “ಸಾರ್, ಗಾಡಿ ನಾಲ್ಕು ದಿನ ಬೆಂಗಳೂರಲ್ಲಿ ನಿಂತರೆ ಅಪ್ಪಯ್ಯನ ಗತಿ ಏನು?” ಎಂದು ಅವನು ಕೇಳಿದಾಗ ಅವನ ಮುಖದಲ್ಲಿದ್ದುದು ಹಣದ ಚಿಂತೆಯೊಂದೇ ಅಲ್ಲ.

ಸ್ಥಳೀಯ ಮೆಕ್ಯಾನಿಕ್ಕೊಬ್ಬರಿಗೆ ಕಾರನ್ನು ತೋರಿಸಲಾಯಿತು. ಅವರು ಸ್ಟೀರಿಂಗಿನ ಕೆಳಗಿನ ಸಾಕೆಟ್ಟಿಗೆ ಕೈಯಳತೆಯ ಸ್ಕ್ಯಾನರೊಂದನ್ನು ಚುಚ್ಚಿ ಅಂಕಿಗಳನ್ನು ಓದಿದರು. ಎಂಜಿನ್ನು ನಿಂತಲ್ಲೇ ಓಡುವಾಗ ಗಣಕ ಶೇಕಡಾ 18ರಷ್ಟು ಹೆಚ್ಚು ಎಣ್ಣೆ ಸೇರಿಸುತ್ತಿತ್ತು. ವೇಗ ಏರಿಸಿದಂತೆ ಆ ಅಂಕಿ ಇಳಿಯುತ್ತ ಬಂತು. ಪ್ಲಗ್ಗು ಬಿಚ್ಚಿದರೆ ಕಪ್ಪು ಮಸಿ. ಮಿಶ್ರಣ ತೆಳುವೆಂದು ಗಣಕದ ದೂರು. ದಪ್ಪವೆಂದು ಪ್ಲಗ್ಗಿನ ಸಾಕ್ಷಿ! “ತಮ್ಮಾ, ಇಬ್ರಲ್ಲಿ ಒಬ್ರು ಸುಳ್ಳು ಹೇಳ್ತಿದಾರೆ. ಮೊದ್ಲು ಹೊಗೆ ಎಲ್ಲಿ ಸೋರ್ತದೆ ನೋಡಾಣ, ಬೆಂಗ್ಳೂರು ಆಮೇಲೆ” ಎಂದರು ಅವರು. ಹೊಸ ಕೊಳವೆ ಎಂಜಿನ್ನಿಗೆ ಕೂಡುವ ಕಡೆ ಗ್ಯಾಸ್ಕೆಟ್ಟು ಸರಿಯಾಗಿ ಕೂತಿರಲಿಲ್ಲ. ನಿಧಾನದ ಓಟದಲ್ಲಿ ಆ ಸಂದಿನಿಂದ ಹೊರಗಿನ ಗಾಳಿ ಒಳಸೇರಿ ಸೆನ್ಸರಿನ ಮೂಗಿಗೆ ಬಡಿಯುತ್ತಿತ್ತು. ಮಿಶ್ರಣ ತೆಳುವಾಯಿತೆಂದು ಮೋಸಹೋದ ಗಣಕ ಎಣ್ಣೆ ಸುರಿಯುತ್ತಿತ್ತು. ಹೊಸ ಗ್ಯಾಸ್ಕೆಟ್ಟಿಗೂ ಕೂಲಿಗೂ ಸೇರಿ ಸಾವಿರ ರೂಪಾಯಿ ಆಗಲಿಲ್ಲ. ಶೇಕಡಾ 18 ಇದ್ದದ್ದು 4ಕ್ಕೆ ಇಳಿಯಿತು. ಕಾರು ಮರುದಿನವೇ ಶಿವಮೊಗ್ಗಕ್ಕೆ ಹೊರಟಿತು. ಕೆಲವು ವಾರಗಳ ತರುವಾಯ ಹುಡುಗ ಮೂಲ ಅಳತೆಯ ಕೊಳವೆಯನ್ನೇ ಹುಡುಕಿ ತಂದು ಹಾಕಿಸಿದ, ಅದು ವಿವೇಕ.

ಇದರಿಂದ ತಿಳಿಯುವ ಮುಖ್ಯ ಪಾಠವಿದು: ಹೊಸ ಭಾಗ ಹಾಕಿದ ಮೇಲೆ ಎಂಜಿನ್ನು ಅಪಸ್ವರ ಹೊರಡಿಸಿದರೆ ಅದು ಶ್ರುತಿಯ ದೋಷವೇ ಆಗಿರಬೇಕೆಂದಿಲ್ಲ, ಜೋಡಣೆಯ ದೋಷವೂ ಆಗಿರಬಹುದು. ಸೋರುವ ಕೊಳವೆಯ ಮೇಲೆ ಮರುಶ್ರುತಿ ಮಾಡಿಸುವುದು ಒಡೆದ ಬುರುಡೆಯ ತಂಬೂರಿಗೆ ಬಿರಡೆ ತಿರುಗಿಸಿದಂತೆ. ಮೊದಲು ಅಳೆಯಬೇಕು, ಸೋರಿಕೆ, ಸಡಿಲಗಳನ್ನು ತೆಗೆಯಬೇಕು, ಮತ್ತೆ ಅಳೆಯಬೇಕು. ಆಗಲೂ ಅಂಕಿ ಶೇಕಡಾ ಹತ್ತನ್ನು ಮೀರಿ ನಿಂತಿದ್ದರೆ ಮರುಶ್ರುತಿಯ ವಿಚಾರ. ಶಕ್ತಿ ಹೆಚ್ಚಿಸುವ ಭಾಗಗಳನ್ನು ಹಾಕಿದವರಿಗಂತೂ ಈ ಅಂಕಿಯಷ್ಟೇ ಸಾಲದು. ಪೂರ್ಣ ಭಾರದಲ್ಲಿ ಮಿಶ್ರಣ ಎಷ್ಟೆಂದು ನಿಖರವಾಗಿ ಹೇಳುವ ಅಗಲ ವ್ಯಾಪ್ತಿಯ ಸೆನ್ಸರು ಜೋಡಿಸಿ, ಡೈನಮೊಮೀಟರಿನ ಮೇಲೆ ನೋಡಬೇಕು.

ಡೀಸೆಲ್ಲಿನ ವಿಷಯವನ್ನು ಬಿಟ್ಟರೆ ಮಲೆನಾಡಿನ ಕಥೆ ಪೂರ್ಣವಾಗದು. 1951ರಲ್ಲಿ ಬೆಂಗಳೂರಿನಲ್ಲಿ ಸ್ಥಾಪನೆಯಾಗಿ, 2008ರಲ್ಲಿ ಬಾಷ್ ಲಿಮಿಟೆಡ್ ಎಂದು ಹೆಸರು ಬದಲಿಸಿಕೊಂಡ ಮೈಕೊ ಕಾರ್ಖಾನೆಯ ಪಂಪು, ನಾಜಲ್ಲುಗಳನ್ನು ಅರಿಯದ ಟ್ರ್ಯಾಕ್ಟರು, ಜೀಪುಗಳ ಒಡೆಯ ನಮ್ಮಲ್ಲಿಲ್ಲ. ಪಂಪನ್ನು ಬಿಚ್ಚಿ ರಿಪೇರಿ ಮಾಡಿದರೆ ಪರೀಕ್ಷಾ ಮೇಜಿನ ಮೇಲಿಟ್ಟು, ಪ್ರತಿ ಸಿಲಿಂಡರಿಗೂ ಸಮನಾಗಿ ಎಣ್ಣೆ ಹೋಗುವಂತೆ ‘ಕ್ಯಾಲಿಬ್ರೇಷನ್’ ಮಾಡಿಸದೆ ಯಾರೂ ಜೋಡಿಸುತ್ತಿರಲಿಲ್ಲ. ಮರುಶ್ರುತಿಯೆಂಬುದು ನಮ್ಮ ರೈತನಿಗೆ ಹೊಸದೇನೂ ಅಲ್ಲ. ಈಗಿನ ಕಾಮನ್ ರೈಲ್ ಡೀಸೆಲ್ಲಿನಲ್ಲಿ ಎಣ್ಣೆ 1,600 ಬಾರ್, ಅದಕ್ಕೂ ಮೇಲಿನ ಒತ್ತಡದಲ್ಲಿ ಚಿಮ್ಮುತ್ತದೆ. ಅಲ್ಲಿ ಒಂದು ವಿಚಿತ್ರವುಂಟು: ಹಲವು ಕಾರುಗಳಲ್ಲಿ ಪ್ರತಿಯೊಂದು ಇಂಜೆಕ್ಟರಿನ ಮೇಲೂ ಒಂದು ಸಂಕೇತಾಕ್ಷರ ಕೆತ್ತಿರುತ್ತದೆ, ಅಪ್ಪಟ ಕಂಪನಿಯದೇ ಹೊಸ ಇಂಜೆಕ್ಟರನ್ನು ಹಾಕಿದರೂ ಆ ಸಂಕೇತವನ್ನು ಗಣಕಕ್ಕೆ ತಿಳಿಸಲೇಬೇಕು. ಮೂಲ ಭಾಗಕ್ಕೇ ಇಷ್ಟು ಪರಿಚಯ ಬೇಕಾದರೆ ಪರಭಾಗದ ಮಾತೇನು? ಇನ್ನು ಅಂಚೆಯಲ್ಲಿ ಬರುವ ‘ಚಿಪ್ಪು’ಗಳಲ್ಲಿ ಹೆಚ್ಚಿನವು ಮರುಶ್ರುತಿಯೇ ಅಲ್ಲ. ರೈಲಿನ ಒತ್ತಡ ಕಡಮೆಯಿದೆಯೆಂದು ಗಣಕಕ್ಕೆ ಸುಳ್ಳು ಸುದ್ದಿ ಕೊಟ್ಟು, ಹೆಚ್ಚು ಒತ್ತಡದಲ್ಲಿ ಎಣ್ಣೆ ಚಿಮ್ಮಿಸುವ ಪೆಟ್ಟಿಗೆಗಳು ಅವು. ಪಿಕಪ್ಪು ಏರುವುದು ನಿಜ. ಅದರೊಡನೆ ಪಂಪು, ಇಂಜೆಕ್ಟರು, ಟರ್ಬೊಗಳ ಮೇಲಿನ ಭಾರವೂ ಏರುವುದು ಅಷ್ಟೇ ನಿಜ.

ನಾವು ಯಾವ ಭಾಗವನ್ನು ಮುಟ್ಟದಿದ್ದರೂ ಎಣ್ಣೆಯೇ ಬದಲಾದದ್ದನ್ನು ಇಲ್ಲಿ ನೆನೆಯಬೇಕು. 2023ರ ಫೆಬ್ರವರಿ 6ರಂದು ಬೆಂಗಳೂರಿನಲ್ಲಿಯೇ ಪ್ರಧಾನಿಯವರು ಶೇಕಡಾ 20ರ ಎಥನಾಲ್ ಬೆರೆತ ಪೆಟ್ರೋಲಿಗೆ ಚಾಲನೆ ಕೊಟ್ಟರು. ಎಥನಾಲಿಗೆ ತನ್ನ ತೂಕದ 9ರಷ್ಟು ಗಾಳಿ ಸಾಕು. ಲೆಕ್ಕ ಹಾಕಿದರೆ, ಈ ಮಿಶ್ರ ಎಣ್ಣೆಗೆ 14.7ರ ಬದಲು ಸುಮಾರು 13.5ರ ಗಾಳಿ ಸಾಕೆಂದಾಯಿತು; ಎಂದರೆ ಅಷ್ಟೇ ಗಾಳಿಗೆ ಹೆಚ್ಚು ಎಣ್ಣೆ ಬೇಕು. ಸೆನ್ಸರಿರುವ ಕಾರು ಇದನ್ನು ತಾನಾಗಿ ಸರಿದೂಗಿಸಿಕೊಳ್ಳಲು ಯತ್ನಿಸುತ್ತದೆ. ಕಾರ್ಬ್ಯುರೇಟರಿನ ಹಳೆಯ ಗಾಡಿ ತೆಳುವಾಗಿಯೇ ಓಡುತ್ತದೆ. ಗಣಕ ಸರಿದೂಗಿಸಬಲ್ಲ ಅಳತೆಯಲ್ಲಿ ಒಂದು ಪಾಲನ್ನು ಎಣ್ಣೆಯೇ ತೆಗೆದುಕೊಂಡುಬಿಟ್ಟರೆ, ಪರಭಾಗಗಳಿಗೆ ಉಳಿಯುವ ಅವಕಾಶ ಆ ಮಟ್ಟಿಗೆ ಕುಗ್ಗಿತೆಂದೇ ಅರ್ಥ. ಹತ್ತು ವರುಷದ ಹಿಂದೆ ಸ್ನೇಹಿತನ ಕಾರಿಗೆ ಒಗ್ಗಿದ ಭಾಗ ಇಂದು ನಮ್ಮದಕ್ಕೆ ಒಗ್ಗದಿರಬಹುದು.

ನಮ್ಮ ಸೀಮೆಗೇ ವಿಶೇಷವಾದ ಎರಡು ಶತ್ರುಗಳುಂಟು: ಬೇಸಗೆಯ ಕೆಂಧೂಳು, ಮಳೆಗಾಲದ ನೀರು. ‘ಹೆಚ್ಚು ಗಾಳಿ ಬಿಡುತ್ತದೆ’ ಎಂದು ಹೊಗಳಿ ಮಾರುವ ಫಿಲ್ಟರುಗಳಲ್ಲಿ ಕೆಲವು ಧೂಳನ್ನೂ ಹೆಚ್ಚಾಗಿಯೇ ಬಿಡುತ್ತವೆ. ಜಂಬಿಟ್ಟಿಗೆಯ ಆ ನುಣ್ಣನೆಯ ಪುಡಿ ಸಿಲಿಂಡರಿನ ಗೋಡೆಯನ್ನು ಸಾಣೆಯಂತೆ ತೇಯುತ್ತದೆ. ಅತಿಯಾಗಿ ಎಣ್ಣೆ ಸವರಿದ ಹತ್ತಿಯ ಫಿಲ್ಟರಿನಿಂದ ಎಣ್ಣೆಯ ಪಸೆ ಹಾರಿ ಗಾಳಿ ಅಳೆಯುವ ಬಿಸಿ ತಂತಿಗೆ ಅಂಟಿದರೆ ಅದರ ಅಳತೆ ತಪ್ಪುತ್ತದೆ. ತಣ್ಣನೆಯ ಗಾಳಿಗೆಂದು ಕೊಳವೆಯ ಬಾಯನ್ನು ಬಂಪರಿನ ಕೆಳಗೆ ತಂದಿಟ್ಟವನು, ರಸ್ತೆಯ ಮೇಲೆ ಹಳ್ಳ ಹರಿಯುವ ಆಷಾಢದ ದಿನ ಪಶ್ಚಾತ್ತಾಪ ಪಡಬೇಕಾದೀತು. ಸಿಲಿಂಡರಿಗೆ ಸೇರಿದ ನೀರು ಗಾಳಿಯಂತೆ ಕುಗ್ಗದೆ ಕನೆಕ್ಟಿಂಗ್ ರಾಡನ್ನೇ ಬಗ್ಗಿಸುತ್ತದೆ. ಯಾವ ಮರುಶ್ರುತಿಯೂ ಇವುಗಳಿಗೆ ಪರಿಹಾರವಲ್ಲ.

ಕಾನೂನಿನ ಮಾತನ್ನೂ ಹೇಳಿಬಿಡಬೇಕು. 1988ರ ಮೋಟಾರು ವಾಹನ ಕಾಯಿದೆಯ 52ನೆಯ ಪ್ರಕರಣ, ತಯಾರಕನು ಮೂಲದಲ್ಲಿ ನಮೂದಿಸಿದ ವಿವರಗಳಿಗೆ ವ್ಯತಿರಿಕ್ತವಾಗುವಂತೆ ವಾಹನವನ್ನು ಮಾರ್ಪಡಿಸಕೂಡದೆನ್ನುತ್ತದೆ. ಒಪ್ಪಿಗೆ ಪಡೆದ ಗ್ಯಾಸ್ ಕಿಟ್ಟಿನಂಥವಕ್ಕೆ ವಿನಾಯಿತಿ ಉಂಟು. 2019ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯ ಈ ನಿಯಮವನ್ನೇ ಎತ್ತಿಹಿಡಿಯಿತು. ಅದೇ ವರುಷದ ತಿದ್ದುಪಡಿ, ನಿಯಮಬಾಹಿರ ಮಾರ್ಪಾಡಿಗೆ ಆರು ತಿಂಗಳವರೆಗಿನ ಸೆರೆ, ಇಲ್ಲವೆ ಪ್ರತಿಯೊಂದು ಮಾರ್ಪಾಡಿಗೂ 5,000 ರೂಪಾಯಿ ದಂಡ, ಇಲ್ಲವೆ ಎರಡನ್ನೂ ವಿಧಿಸಿದೆ. ಕರ್ಕಶ ಸೈಲೆನ್ಸರುಗಳನ್ನು ಪೊಲೀಸರು ರಸ್ತೆ ರೋಲರಿನ ಕೆಳಗೆ ಹಾಕಿಸಿದ ಚಿತ್ರಗಳನ್ನು ಪತ್ರಿಕೆಗಳಲ್ಲಿ ಕಂಡಿದ್ದೇವೆ. ನಾವು ಬೇಸರದಿಂದ ಮಾಡಿಸುವ ಹೊಗೆ ತಪಾಸಣೆಯಲ್ಲಿಯೂ ಒಂದು ಉಪಯುಕ್ತ ಅಂಕಿ ಅಡಗಿದೆ. ಬಿಎಸ್-4ರಿಂದ ಈಚಿನ ಪೆಟ್ರೋಲು ಕಾರುಗಳಿಗೆ ಸುಮಾರು 2,500 ಸುತ್ತಿನ ವೇಗದಲ್ಲಿ ‘ಲ್ಯಾಮ್‌ಡಾ’ ಎಂಬ ಅಳತೆ ಸಾಮಾನ್ಯವಾಗಿ 0.97ರಿಂದ 1.03ರೊಳಗೆ ಇರಬೇಕೆಂದು ನಿಯಮ. ಮಿಶ್ರಣ ಸರಿಯಿದೆಯೇ ಎಂಬುದಕ್ಕೆ ಅದು ಅಲ್ಪ ವೆಚ್ಚದ ಸಾಕ್ಷಿ. ಭಾಗ ಬದಲಿಸುವ ಮುನ್ನ ಒಮ್ಮೆ, ಬದಲಿಸಿದ ಮೇಲೆ ಒಮ್ಮೆ ಆ ಚೀಟಿಯನ್ನು ಜೋಡಿಸಿ ನೋಡಿದವನಿಗೆ ಎಷ್ಟೋ ಸಂದೇಹ ಪರಿಹಾರವಾದೀತು.

ಒಟ್ಟಿನಲ್ಲಿ, ಪರಭಾಗಕ್ಕೆಲ್ಲ ಮರುಶ್ರುತಿ ಬೇಕೆನ್ನುವುದೂ ತಪ್ಪು, ಯಾವುದಕ್ಕೂ ಬೇಡವೆನ್ನುವುದೂ ತಪ್ಪು. ತರುಣರ ಉತ್ಸಾಹವನ್ನು ಹಳಿಯುವುದು ನನ್ನ ಉದ್ದೇಶವಲ್ಲ. ಯಂತ್ರದ ಒಳಗನ್ನು ಅರಿಯುವ ಕುತೂಹಲ ವಿದ್ಯೆಯೇ ಸರಿ. ಆದರೆ ಹಣ ಕೈಬಿಡುವ ಮುನ್ನ ಮಾರುವವನನ್ನು ಮೂರು ಮಾತು ಕೇಳಬೇಕು: ಇದು ಗಾಳಿಯ ಅಳತೆಯನ್ನು ಬದಲಿಸುತ್ತದೆಯೆ? ಎಣ್ಣೆಯ ಅಳತೆಯನ್ನು ಬದಲಿಸುತ್ತದೆಯೆ? ಕಿಡಿಯ ಹೊತ್ತನ್ನು ಬದಲಿಸುತ್ತದೆಯೆ? ಮೂರಕ್ಕೂ ‘ಇಲ್ಲ’ ಎಂದರೆ, ಹೆಚ್ಚಿನ ಶಕ್ತಿಯ ಆಸೆಯನ್ನು ಬಿಟ್ಟು, ಮೂಲದ ಗುಣವಿದೆಯೇ ಎಂದಷ್ಟೇ ನೋಡಿ ಕೊಳ್ಳಬಹುದು. ಒಂದಕ್ಕಾದರೂ ‘ಹೌದು’ ಎಂದರೆ, ಭಾಗದ ಬೆಲೆಗೆ ಮರುಶ್ರುತಿಯ ಬೆಲೆಯನ್ನೂ, ಜಡೆಯಿಂದ ಬೆಂಗಳೂರಿಗೆ ಮುನ್ನೂರೈವತ್ತು ಕಿಲೋಮೀಟರಿಗೂ ಮಿಕ್ಕ ದಾರಿಯ ಖರ್ಚನ್ನೂ ಕೂಡಿಸಿ ಲೆಕ್ಕ ಹಾಕಬೇಕು. ಆ ಮೊತ್ತವನ್ನು ಒಮ್ಮೆ ಹಾಳೆಯ ಮೇಲೆ ಬರೆದು, ಮನೆಯ ಹಿರಿಯರ ಮುಂದೆ ಗಟ್ಟಿಯಾಗಿ ಓದಬೇಕು. ಬಹಳ ಕಾರುಗಳು ಆ ಓದಿನಿಂದಲೇ ತಮ್ಮ ಮೂಲ ಶ್ರುತಿಯಲ್ಲಿ ಸುಖವಾಗಿ ಉಳಿದುಕೊಂಡಾವು.